ತಲೆ ಕೂರದ ಸ್ಕ್ರೂ

9 ನವೆಂಬರ್ 2025, ಭಾನುವಾರ, ರಾತ್ರಿ 11.20

ಮೂರು ವಾರಗಳಿಂದ ನನ್ನ ಕಣ್ಣುಗಳನ್ನೇ ಬೈದುಕೊಳ್ಳುತ್ತಿದ್ದೆ. ತಪ್ಪು ಒಂದು ಸ್ಕ್ರೂವಿನದು. ಸರಿ, ಸ್ಕ್ರೂ ಹಾಕಿದವನದು.

ನಲವತ್ತಾರು ದಾಟಿದ ಮೇಲೆ ರೈಫಲ್ಲಿನ ಮುಂದಿನ ಸೈಟ್, ಅಂದರೆ ಗುರಿ ಹಿಡಿಯುವ ಮುಳ್ಳು, ಮಂಜಾಗತೊಡಗಿತ್ತು. ಕನ್ನಡಕ ಹಾಕಿದರೆ ಸೈಟ್ ಸ್ಪಷ್ಟ, ಗುರಿಹಾಳೆ ಮಸುಕು; ತೆಗೆದರೆ ಹಾಳೆ ಸ್ಪಷ್ಟ, ಸೈಟ್ ಕಂಬಳಿಹುಳದ ಹಾಗೆ. ಕೊನೆಗೆ ಸೋತು ಗುರಿ ನೋಡುವ ದುರ್ಬೀನು ಸ್ಕೋಪನ್ನೂ ಅದನ್ನು ಕೂರಿಸುವ ರೈಲ್ ಪಟ್ಟಿಯನ್ನೂ ತರಿಸಿದೆ. ಪಟ್ಟಿ 1995ರಲ್ಲಿ ಅಮೆರಿಕದ ಸೇನೆ ಗೊತ್ತುಪಡಿಸಿದ ಪಿಕಾಟಿನಿ ಅಳತೆಯದು, ಅದರ ಮೇಲಿನ ಪ್ರತಿ ಅಡ್ಡ ಕಚ್ಚಿನ ಅಗಲ 5.23 ಮಿಲಿಮೀಟರ್. ಇಂಥ ಅಂಕಿಗಳನ್ನೆಲ್ಲ ಬಾಯಿಪಾಠ ಮಾಡಿದವನಿಗೆ ಪೊಟ್ಟಣದೊಳಗಿನ ನಾಲ್ಕು ಸ್ಕ್ರೂಗಳ ಉದ್ದವನ್ನು ನೋಡುವಷ್ಟು ತಾಳ್ಮೆ ಇರಲಿಲ್ಲ.

ಅಂದು ಮಾಡಿದ್ದೆಲ್ಲ ಶಾಸ್ತ್ರೋಕ್ತವಾಗಿಯೇ ಇತ್ತು ಎಂದುಕೊಂಡಿದ್ದೆ. ಪಟ್ಟಿ ಕೂರುವ ರಿಸೀವರಿನ, ಅಂದರೆ ರೈಫಲ್ಲಿನ ಒಡಲಿನ, ತೂತುಗಳನ್ನು ಅಸಿಟೋನ್ ಹಾಕಿ ಒರೆಸಿದ್ದೆ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್, ಒಂದೊಂದು ಹನಿ. ಬಿಗಿ ಸಾಕಾದಾಗ ಕ್ಲಿಕ್ ಎನ್ನುವ ಟಾರ್ಕ್ ಡ್ರೈವರ್ 20 ಇಂಚು-ಪೌಂಡಿಗೆ, ಅಂದರೆ ಸುಮಾರು 2.3 ನ್ಯೂಟನ್ ಮೀಟರಿಗೆ. ನಾಲ್ಕೂ ಕ್ಲಿಕ್ ಎಂದವು. ಆದರೂ ಹಾಳೆಯ ಮೇಲೆ ಗುಂಡುಗಳು ಮಾತು ಬಿಟ್ಟ ಅಣ್ಣತಮ್ಮಂದಿರಂತೆ ದೂರದೂರ ಕೂರುತ್ತಿದ್ದವು. ಕಣ್ಣು ಹೋಯಿತು, ಈಗ ಕೈಯೂ ಹೋಯಿತು ಎಂದುಕೊಂಡೆ. ಎರಡು ಶನಿವಾರ ಗುಂಡು ಹಾರಿಸುವ ರೇಂಜಿನಿಂದ ಯಾರೊಂದಿಗೂ ಮಾತನಾಡದೆ ಮನೆಗೆ ಬಂದೆ.

ಇವತ್ತು ಸಂಜೆ ಚಿಕ್ಕಪ್ಪ ತಾವಾಗಿಯೇ ಫೋನ್ ಮಾಡಿದರು. ಇವಳೇ ಹೇಳಿರಬೇಕು.

"ಚೇಂಬರ್ ನೋಡಿದೆಯಾ?"

ಅವರ ನಮಸ್ಕಾರವೇ ಅದು: ಗುಂಡು ಕೂರುವ ಗೂಡು ಖಾಲಿಯೇ ಎಂದು ಕೇಳುವುದು.

"ನೋಡಿದೆ ಚಿಕ್ಕಪ್ಪ. ಖಾಲಿ ಇದೆ. ಬೋಲ್ಟ್ ತೆಗೆದು ಪಕ್ಕದಲ್ಲಿಟ್ಟಿದ್ದೇನೆ." ಬೋಲ್ಟ್ ಎಂದರೆ ಆ ಗೂಡನ್ನು ಮುಚ್ಚುವ ಭಾಗ.

"ಸ್ಕೋಪ್ ಕಳಚಿಡು. ಪಟ್ಟಿಯ ಮುಂದಿನ ತುದಿಯ ಕೆಳಗೆ ಕಾಗದ ತೂರಿಸಿ ನೋಡು."

"ನಾಲ್ಕೂ ಬಿಗಿಯಾಗಿವೆ, ಟಾರ್ಕ್ ಡ್ರೈವರಿನಲ್ಲೇ..."

"ಕಾಗದ ತೂರಿಸು ಎಂದೆ."

ಹಾಲಿನ ಚೀಟಿಯನ್ನು ಹರಿದು ತೂರಿಸಿದೆ. ಬಾಗಿಲ ಸಂದಿಯಿಂದ ಪತ್ರಿಕೆ ಒಳಬಂದ ಹಾಗೆ ಸಲೀಸಾಗಿ ಹೋಯಿತು. ನಾನು ಸುಮ್ಮನಾದೆ. ಅವರು ನಗಲಿಲ್ಲ. ಅದಕ್ಕೆ ಇನ್ನೂ ನಾಚಿಕೆಯಾಯಿತು.

"ಈಗ ಮುಂದಿನ ಸ್ಕ್ರೂ ಬಿಚ್ಚಿ ಅದರ ತುದಿ ನೋಡು. ಆಮೇಲೆ ತಲೆಯ ಅಡಿ ನೋಡು."

ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಚುಕ್ಕೆ. ತಲೆಯ ಅಡಿಯಲ್ಲಿ ಕಪ್ಪು ಲೇಪ ಹೊಸದರ ಹಾಗೆಯೇ ಇತ್ತು, ಒಂದು ಗೀರೂ ಇಲ್ಲ. ಅಂದರೆ ಸ್ಕ್ರೂ ತೂತಿನ ತಳಕ್ಕೆ ಹೋಗಿ ಕುಟ್ಟಿಕೊಂಡು ನಿಂತಿದೆ. ತಲೆ ಪಟ್ಟಿಯನ್ನು ಒತ್ತಿಯೇ ಇಲ್ಲ. ನನ್ನ ರೈಫಲ್ಲಿನಲ್ಲಿ ಮುಂದಿನ ತೂತುಗಳು ಆಚೆ ತೂರುವುದಿಲ್ಲ. ಅಲ್ಲಿಗೆ ಗಿಡ್ಡ ಸ್ಕ್ರೂ, ಹಿಂದಕ್ಕೆ ಉದ್ದನೆಯದು. ನಾನು ಅದಲುಬದಲು ಮಾಡಿದ್ದೆ. ಹಿಂದೆ ಹಾಕಿದ ಗಿಡ್ಡವು ಎರಡೇ ಸುತ್ತು ಥ್ರೆಡ್ ಹಿಡಿದು ಆಗಲೇ ಸಡಿಲವಾಗಿದ್ದವು. ಎದುರಾದ ಬಿಗುವು ತಲೆಯಿಂದ ಬಂತೋ ತುದಿಯಿಂದ ಬಂತೋ ಟಾರ್ಕ್ ಡ್ರೈವರಿಗೆ ಹೇಗೆ ತಿಳಿಯಬೇಕು? ಅದು ತನ್ನ ಪಾಡಿಗೆ ಕ್ಲಿಕ್ ಎಂದಿತು, ನಾನು ನಂಬಿದೆ.

ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಪಟ್ಟಿಯ ಉದ್ದ 125 ಮಿಲಿಮೀಟರ್. ಒಂದು ತುದಿ ಕಾಗದದ ದಪ್ಪದಷ್ಟು, 0.1 ಮಿಲಿಮೀಟರ್ ಎದ್ದರೆ 100 ಮೀಟರ್ ದೂರದಲ್ಲಿ ಗುರಿ ತಪ್ಪುವುದು 80 ಮಿಲಿಮೀಟರ್. ಒಂದು ಅಂಗೈ ಅಗಲ! ನಾನು ಉಸಿರಾಟದ ವ್ಯಾಯಾಮ ಮಾಡುತ್ತಿದ್ದೆ, ಕಾಫಿ ಬಿಟ್ಟಿದ್ದೆ.

ಹಳೆಯ ಅಂಟನ್ನು ಕೆರೆದು ಸ್ಕ್ರೂಗಳನ್ನು ಅವುಗಳ ಜಾಗಕ್ಕೆ ಹಾಕಿದೆ. ಮೊದಲು ಹಿಂದಿನವನ್ನು ಮಾತ್ರ ಬಿಗಿ ಮಾಡಿ ಮುಂದೆ ಕಾಗದ, ಆಮೇಲೆ ಮುಂದಿನವನ್ನು ಮಾತ್ರ ಬಿಗಿ ಮಾಡಿ ಹಿಂದೆ ಕಾಗದ. ಎರಡು ಕಡೆಯೂ ತೂರಲಿಲ್ಲ. ತೂರಿದ್ದರೆ ಎಪಾಕ್ಸಿ ತುಂಬಿ ಕೂರಿಸಬೇಕಿತ್ತು. ಸ್ಕ್ರೂವಿನ ಬಲದಿಂದ ಪಟ್ಟಿಯನ್ನು ಬಗ್ಗಿಸಿದರೆ ಮೇಲಿನ ಸ್ಕೋಪಿನ ಕೊಳವೆಗೂ ಆ ಬಾಗು ತಪ್ಪದು. ಹೊಸದಾಗಿ ಹಾಕಿದ ಥ್ರೆಡ್‌ಲಾಕರ್ ಪೂರ್ತಿ ಗಟ್ಟಿಯಾಗಲು 24 ಗಂಟೆ. ಮುಟ್ಟಬಾರದು. ಈಗಾಗಲೇ ಎರಡು ಸಲ ಹೋಗಿ ನೋಡಿ ಬಂದೆ.

ಫೋನ್ ಇಡುವ ಮೊದಲು ಚಿಕ್ಕಪ್ಪ, "ಹಳೆಯ ಸೈಟ್ ಎಸೆದೆಯಾ?" ಎಂದರು. ಇಲ್ಲ, ಡಬ್ಬಿಯಲ್ಲಿದೆ ಎಂದೆ. "ಹೂಂ" ಎಂದು ಬಹಳ ಹೊತ್ತು ಏನೂ ಹೇಳಲಿಲ್ಲ. ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಅವರು ಒಮ್ಮೆಯೂ ರೇಂಜಿಗೆ ಬಂದಿಲ್ಲ. ಕಣ್ಣು ಈಗ ಹೇಗಿದೆ ಎಂದು ನಾನು ಕೇಳಲೂ ಇಲ್ಲ. ಬರೀ ನನ್ನ ಪಟ್ಟಿ, ನನ್ನ ಸ್ಕ್ರೂ.

ಶನಿವಾರ ಐದು ಗುಂಡು ಹಾರಿಸಿ ನೋಡಬೇಕು. ಚಿಕ್ಕಪ್ಪನನ್ನೂ ಕರೆಯಲೇ? ಸ್ಕೋಪಿನಲ್ಲಾದರೆ ಅವರಿಗೂ ಕಾಣಬಹುದು, ಆದರೆ ಕರೆದರೆ ಅವರು...