ಅಷ್ಟು ಚಿಕ್ಕವರಿಗೆ ಕಾಲೇಜಲ್ಲಿ ಏನು ಕೆಲಸ?

ರಜೆ ಹತ್ತಿರ ಬಂತು ಅಂದರೆ ಸಾಕು, ಈ ಪ್ರಶ್ನೆ ಶುರುವಾಗುತ್ತದೆ. ಪರಿಚಯದವರು ಎದುರಿಗೆ ಸಿಕ್ಕಾಗ ಕೇಳುತ್ತಾರೆ. ಪರಿಚಯ ಇಲ್ಲದವರು ಯಾರಿಂದಲೋ ನಂಬರ್ ತಗೊಂಡು ಫೋನ್ ಮಾಡುತ್ತಾರೆ. "ನಿಮ್ಮ ಕಾಲೇಜಲ್ಲಿ ಬೇಸಿಗೆಗೆ ಮಕ್ಕಳ ಕ್ಲಾಸ್ ಮಾಡ್ತೀರಂತೆ ಮೇಡಂ. ನಮ್ಮ ಮಗಳಿಗೆ ಇನ್ನೂ ಆರು ವರ್ಷ. ಕಳಿಸಬಹುದಾ? ಅಷ್ಟು ಚಿಕ್ಕವರಿಗೆ ಕಾಲೇಜಲ್ಲಿ ಏನು ಕೆಲಸ?"

ನಾನು ಜೀವಶಾಸ್ತ್ರ ಕಲಿಸುವವಳು. ವರ್ಷವಿಡೀ ನಮ್ಮ ಲ್ಯಾಬಿನಲ್ಲಿ ಡಿಗ್ರಿ ವಿದ್ಯಾರ್ಥಿಗಳು ಇರುತ್ತಾರೆ. ಬೇಸಿಗೆಯ ಎರಡು ವಾರ ಮಾತ್ರ ಅದು ಐದರಿಂದ ಎಂಟು ವರ್ಷದವರ ಕೈಗೆ ಹೋಗುತ್ತದೆ. ಹೀಗೆ ಹಲವು ಬೇಸಿಗೆ ಕಳೆದ ಮೇಲೆ ನನ್ನ ಉತ್ತರ ಗಟ್ಟಿಯಾಗಿದೆ. ಕಳಿಸಿ. ಆದರೆ ಮುಂದಿನ ಕ್ಲಾಸಿನ ಪಾಠ ಈಗಲೇ ಮುಗಿದುಬಿಡಲಿ ಅಂತ ಕಳಿಸಬೇಡಿ. ಅಷ್ಟಕ್ಕೆ ಕಾಲೇಜಿನ ತನಕ ಬರಬೇಕಾಗಿಲ್ಲ.

ಯಾಕೆ ಅಂತ ಹೇಳಬೇಕಾದರೆ ಒಂದು ಬೆಳಿಗ್ಗೆ ನಡೆದದ್ದನ್ನು ಹೇಳಬೇಕು.

ಅವತ್ತು ಕ್ಯಾಂಪಸ್ಸಿನ ಕೊಳದಿಂದ ಒಂದು ಬಕೆಟ್ ನೀರು ತಂದಿದ್ದೆವು. ಅದರಲ್ಲಿ ಡಾಫ್ನಿಯಾ ಅನ್ನುವ ಪುಟ್ಟ ಜೀವಿಗಳಿದ್ದವು. ಎಳ್ಳುಕಾಳಿನಷ್ಟು ಗಾತ್ರ, ಇನ್ನೂ ಚಿಕ್ಕವೂ ಇರುತ್ತವೆ. ಬರಿಗಣ್ಣಿಗೆ ನೀರಲ್ಲಿ ಕುಪ್ಪಳಿಸುವ ಚುಕ್ಕಿಗಳ ಹಾಗೆ ಕಾಣುತ್ತವೆ. ಐದು ವರ್ಷದ ಒಬ್ಬ ಹುಡುಗ ಸ್ಟೂಲಿನ ಮೇಲೆ ಮಂಡಿಯೂರಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಏನು ಕಾಣಿಸ್ತಿದೆ ಪುಟ್ಟ ಅಂದೆ.

"ಹುಲ್ಲು. ಕಪ್ಪು ಹುಲ್ಲು."

ನೀರಿನ ಪಾಚಿ ಇರಬೇಕು ಅಂದುಕೊಂಡೆ. ಅವನು ಮತ್ತೆ ಹೇಳಿದ, "ಮಿಸ್, ನಾನು ಕಣ್ಣು ಮುಚ್ಚಿದ್ರೆ ಅದೂ ಅಲ್ಲಾಡುತ್ತೆ."

ಆಗ ಗೊತ್ತಾಯಿತು. ಅವನು ನೋಡುತ್ತಿದ್ದದ್ದು ಅವನದೇ ರೆಪ್ಪೆಗೂದಲು. ಒಂದೇ ಕಣ್ಣಿನಿಂದ ನೋಡುವ ಮೈಕ್ರೋಸ್ಕೋಪಿನಲ್ಲಿ ಕಣ್ಣನ್ನು ತೀರಾ ಹತ್ತಿರ ತಂದರೆ ದೊಡ್ಡವರಿಗೂ ಹೀಗೇ ಆಗುತ್ತದೆ. ಹೇಳಿಬಿಡೋಣ ಅಂತ ಬಾಯಿ ತೆರೆದೆ. ಆದರೆ ಅವನು ಆಗಲೇ ಕಣ್ಣು ಮಿಟುಕಿಸಿ ನೋಡುತ್ತಿದ್ದ. ಒಂದು ಸಲ ನಿಧಾನ, ಒಂದು ಸಲ ಬೇಗ. ಆಮೇಲೆ ತಲೆ ಎತ್ತಿ ಬೆರಳ ತುದಿಯಿಂದ ರೆಪ್ಪೆ ಮುಟ್ಟಿಕೊಂಡ. ಮತ್ತೆ ಬಗ್ಗಿದ. "ನಂದೇ!" ಅಂತ ಕೂಗಿದ ಸದ್ದಿಗೆ ಪಕ್ಕದ ಮೇಜಿನ ಮಕ್ಕಳೆಲ್ಲ ಓಡಿಬಂದರು. ಮುಂದಿನ ಹತ್ತು ನಿಮಿಷ ಯಾರೂ ಕೊಳದ ನೀರು ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ರೆಪ್ಪೆ ನೋಡಿಕೊಂಡರು. ನಾನೂ ಸುಮ್ನೆ ನಿಂತೆ.

ಡಾಫ್ನಿಯಾದ ಸರದಿ ಆಮೇಲೆ ಬಂತು. ಅದರ ಮೈ ಗಾಜಿನ ಹಾಗೆ. ಒಳಗಿನ ಹೃದಯ ಪಟಪಟ ಬಡಿಯುವುದು ಹೊರಗಿನಿಂದಲೇ ಕಾಣುತ್ತದೆ. ತಲೆಯಲ್ಲಿ ಒಂದೇ ಒಂದು ಕಪ್ಪು ಕಣ್ಣು, ಅದೂ ನಡುಗುತ್ತಾ ಇರುತ್ತದೆ. ಅದೇ ಹುಡುಗ ಬಹಳ ಹೊತ್ತು ನೋಡಿ ಕೇಳಿದ, "ಮಿಸ್, ನಾವು ನೋಡ್ತಿರೋದು ಅದಕ್ಕೆ ಗೊತ್ತಾಗುತ್ತಾ?"

ಬೆಳಕು ಕತ್ತಲೆ ಅದಕ್ಕೆ ತಿಳಿಯುತ್ತದೆ ಅಂದೆ. ಅದು ಅವನಿಗೆ ಸಾಲಲಿಲ್ಲ. ಅವನು ಕೇಳಿದ್ದು ಬೇರೆ. ನನಗೆ ಗೊತ್ತಿಲ್ಲ ಪುಟ್ಟ, ಬಾ ಕೇಳೋಣ ಅಂತ ಕೈ ಹಿಡಿದು ಹೊರಟೆ. ಮೊದಲು ಲ್ಯಾಬ್ ಅಟೆಂಡರ್ ಸಿಕ್ಕಿದರು. ಅವರು ಕೈಯಲ್ಲಿದ್ದ ಬೀಕರ್ ಕೆಳಗಿಟ್ಟು ಯೋಚಿಸಿ, "ನಾನು ಬಕೆಟ್ ಹತ್ರ ಬಂದ್ರೆ ಕೆಳಗೆ ಹೋಗ್ತಾವೆ ಕಣೋ. ನನ್ನ ನೆರಳಿಗೋ ನನಗೋ ಅಂತ ಗೊತ್ತಿಲ್ಲ," ಅಂದರು. ಕಾರಿಡಾರಿನಲ್ಲಿ ಸಿಕ್ಕ ಭೌತಶಾಸ್ತ್ರದ ಮೇಷ್ಟ್ರು ಗೋಡೆಗೆ ಒರಗಿ ನಿಂತು, "ಹಾಗಾದ್ರೆ ನೆರಳು ಬೀಳದ ಹಾಗೆ ನೋಡೋದು ಹೇಗೆ?" ಅಂತ ಅವನನ್ನೇ ಕೇಳಿದರು. ಹುಡುಗ ತಕ್ಷಣ ನೆಲದ ಮೇಲೆ ಮಲಗಿ ತೋರಿಸಿದ. ಮಧ್ಯಾಹ್ನ ಗಾಜಿನ ತೊಟ್ಟಿಯನ್ನು ಎತ್ತರದಲ್ಲಿಟ್ಟು, ಆರು ಮಕ್ಕಳು ಕೆಳಗೆ ಅಂಗಾತ ಮಲಗಿ ಕಾದರು.

ಕ್ಯಾಂಪಸ್ಸಿನಲ್ಲಿ ಸಿಗುವುದು ಇದು. ಶಾಲೆಯಲ್ಲಿ ಟೀಚರ್ ಪ್ರಶ್ನೆ ಕೇಳುವಾಗ ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ. ಮಕ್ಕಳಿಗೆ ಇದು ಬಹಳ ಬೇಗ ಅರ್ಥವಾಗಿಬಿಡುತ್ತದೆ. ಆಮೇಲೆ ಅವರು ಉತ್ತರವನ್ನು ಹುಡುಕುವುದಿಲ್ಲ. ಟೀಚರ್ ಮುಖ ನೋಡಿ ಊಹೆ ಮಾಡುತ್ತಾರೆ. ದೊಡ್ಡವರು ನಿಜವಾಗಿ ಗೊತ್ತಿಲ್ಲದೆ ತಲೆ ಕೆರೆದುಕೊಳ್ಳುವುದನ್ನು, ಆಮೇಲೆ ಎದ್ದು ಹೋಗಿ ನೋಡುವುದನ್ನು ಒಂದು ಮಗು ಎಲ್ಲಿ ನೋಡಬೇಕು? ಇಂಥ ಜಾಗದಲ್ಲೇ ಅಲ್ವಾ?

ಪುಟ್ಟ ಮಕ್ಕಳು ಕ್ಯಾಂಪಸ್ಸಿಗೆ ಬರುವುದು ಹೊಸದೂ ಅಲ್ಲ. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲೇ ಮಕ್ಕಳ ಶಾಲೆ ತೆರೆದರು. ಮಕ್ಕಳು ಅಲ್ಲಿ ಅಡುಗೆ, ನೇಯ್ಗೆ, ಮರಗೆಲಸ ಮಾಡುತ್ತಲೇ ಲೆಕ್ಕ, ವಿಜ್ಞಾನ ಕಲಿಯುತ್ತಿದ್ದರು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2002ರಲ್ಲಿ ಮಕ್ಕಳಿಗಾಗಿಯೇ ಉಪನ್ಯಾಸ ಶುರು ಮಾಡಿತು. ಜ್ವಾಲಾಮುಖಿ ಯಾಕೆ ಬೆಂಕಿ ಉಗುಳುತ್ತದೆ ಅನ್ನುವಂಥ ಪ್ರಶ್ನೆಗಳು, ಉತ್ತರ ಹೇಳಲು ಅದೇ ವಿಷಯದ ಪ್ರೊಫೆಸರು. ಆಮೇಲೆ ಅದು ಬೇರೆ ಬೇರೆ ಊರುಗಳಿಗೂ ಹಬ್ಬಿತು. ಆದರೆ ಅದು ಸ್ವಲ್ಪ ದೊಡ್ಡ ಮಕ್ಕಳಿಗೆ. ಐದಾರು ವರ್ಷದವರನ್ನು ಉಪನ್ಯಾಸದ ಹಾಲಿನಲ್ಲಿ ಕೂರಿಸುವುದು ಬೇಡವೇ ಬೇಡ. ಮೊದಲ ಬೇಸಿಗೆಯಲ್ಲಿ ನಾನು ಅದನ್ನೇ ಮಾಡಿದ್ದೆ. ನಲವತ್ತು ನಿಮಿಷದ ಸ್ಲೈಡುಗಳನ್ನು ಆಸೆಯಿಂದ ತಯಾರು ಮಾಡಿದ್ದೆ. ಹನ್ನೆರಡನೇ ನಿಮಿಷಕ್ಕೆ ಒಬ್ಬಳು ಮೇಜಿನ ಕೆಳಗೆ ಹೋಗಿ ಕೂತಳು. ಅವಳದು ಏನೂ ತಪ್ಪಿರಲಿಲ್ಲ.

ಇನ್ನು ಅಪ್ಪ ಅಮ್ಮಂದಿರ ದೊಡ್ಡ ಆತಂಕ. "ರಜೆಯಲ್ಲಿ ಕಲಿತದ್ದೆಲ್ಲ ಮರೆತುಬಿಡ್ತಾರೆ ಮೇಡಂ, ಅದಕ್ಕೇ ಏನಾದ್ರೂ ಕ್ಲಾಸಿಗೆ ಹಾಕೋಣ ಅಂತ." ಈ ಮಾತಿಗೆ ಒಂದು ಆಧಾರ ಇದೆ. ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಹೋಗುತ್ತಾರೆ, ಓದಿಗಿಂತ ಲೆಕ್ಕದಲ್ಲಿ ಜಾಸ್ತಿ ಅಂದರು. ಅಮೆರಿಕದ ಶಾಲೆಗಳ ಮಾತು ಅದು. ಅಲ್ಲಿಯವರೇ ಆದ ಇನ್ನೊಬ್ಬ ಸಂಶೋಧಕ ಪಾಲ್ ವಾನ್ ಹಿಪ್ಪೆಲ್ 2019ರಲ್ಲಿ ಇದನ್ನೇ ಪ್ರಶ್ನಿಸಿದರು. ಹಳೆಯ ಪರೀಕ್ಷೆಗಳು ಅಳೆಯುವ ರೀತಿಯಲ್ಲೇ ತೊಂದರೆ ಇತ್ತು, ಹೊಸ ಪರೀಕ್ಷೆಗಳಲ್ಲಿ ನೋಡಿದರೆ ಆ ಫಲಿತಾಂಶ ಹಾಗೇ ನಿಲ್ಲುವುದಿಲ್ಲ ಅಂತ. ಹಾಗಾಗಿ ಈ ಭಯದಿಂದ ಆರು ವರ್ಷದ ಮಗುವನ್ನು ಬೆಳಿಗ್ಗೆಯಿಂದ ಸಂಜೆವರೆಗೆ ವರ್ಕ್‌ಶೀಟಿನ ಮುಂದೆ ಕೂರಿಸಬೇಡಿ. ಲೆಕ್ಕ ಮರೆಯಬಾರದು ಅಂತಿದ್ದರೆ ಮನೆಯಲ್ಲೇ ದಿನಾ ಹತ್ತು ನಿಮಿಷ ಸಾಕು.

ಈಗ ಒಂದು ವಿಷಯ. ಇದರ ಬಗ್ಗೆ ನನಗೆ ತುಂಬಾ ಹೇಳುವುದಿದೆ. ಸರ್ಟಿಫಿಕೇಟು.

ಕ್ಲಾಸಿಗೆ ಸೇರಿಸುವ ಮೊದಲೇ ಅರ್ಧ ಜನ ಕೇಳುವುದು, "ಕೊನೆಗೆ ಸರ್ಟಿಫಿಕೇಟ್ ಕೊಡ್ತೀರಾ?" ಮೊದಲೆಲ್ಲ ಕೊಡುತ್ತಿದ್ದೆವು. ಮೊದಲ ದಿನವೇ ಮಕ್ಕಳಿಗೆ ತೋರಿಸಿ ಆಸೆ ಹುಟ್ಟಿಸುತ್ತಿದ್ದೆವು ಕೂಡ. ಆಮೇಲೆ ಒಂದು ಹಳೆಯ ಪ್ರಯೋಗದ ಬಗ್ಗೆ ಓದಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಬಿಂಗ್ ಅನ್ನುವ ಶಿಶುಶಾಲೆ ಇದೆ. ಅಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಸೇರಿ ಮಾಡಿದ ಪ್ರಯೋಗ, 1973ರಲ್ಲಿ ಪ್ರಕಟವಾಯಿತು. ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ಬಂಗಾರದ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟು ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು, ಆಟದ ಹೊತ್ತಿನಲ್ಲಿ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ದೂರದಿಂದ ನೋಡಿದರು. ಸರ್ಟಿಫಿಕೇಟಿಗೆ ಅಂತ ಬರೆದಿದ್ದ ಮಕ್ಕಳು ಈಗ ಚಿತ್ರ ಬರೆದ ಹೊತ್ತು ಉಳಿದವರ ಸುಮಾರು ಅರ್ಧದಷ್ಟು. ಅಚಾನಕ್ ಆಗಿ ಸಿಕ್ಕಿದ್ದವರಿಗೆ ಏನೂ ನಷ್ಟ ಆಗಿರಲಿಲ್ಲ.

ಓದಿದ ಮೇಲೆ ನಮ್ಮ ಮಕ್ಕಳನ್ನು ನೆನೆದು ನನಗೆ ಸಂಕಟವಾಯಿತು. ಎಲೆ ಅಂಟಿಸುತ್ತಾ "ಇದಕ್ಕೂ ಸ್ಟಾರ್ ಇದೆಯಾ ಮಿಸ್?" ಅಂತ ಕೇಳುತ್ತಿದ್ದ ಮುಖಗಳು ಕಣ್ಣಮುಂದೆ ಬಂದವು. ಎಲೆ ಅವರಿಗೆ ಇಷ್ಟವಾಗಿಯೇ ಇತ್ತು. ನಾವೇ ಅದನ್ನು ಕೆಲಸವನ್ನಾಗಿ ಮಾಡಿಬಿಟ್ಟೆವು. ಈಗ ಕೊಡುವುದಿಲ್ಲ. ಎರಡು ವಾರ ಅವರೇ ಗೀಚಿದ, ಅಂಟಿಸಿದ, ನೀರು ಚೆಲ್ಲಿ ಉಬ್ಬಿಹೋದ ನೋಟ್‌ಬುಕ್ಕೇ ಮನೆಗೆ ಹೋಗುತ್ತದೆ. ಕೆಲವರಿಗೆ ಬೇಸರವಾಗುತ್ತದೆ, ಗೋಡೆಗೆ ಹಾಕೋಕೆ ಏನೂ ಇಲ್ಲ ಅಂತ. ಅದನ್ನು ನಾನು ಒಪ್ಪಿಕೊಂಡಿದ್ದೇನೆ.

ಹಾಗಾದರೆ ಸೇರಿಸುವ ಮೊದಲು ಏನು ಕೇಳಬೇಕು? ನಾನಾದರೆ ಮೊದಲು ಶೌಚಾಲಯ ಎಲ್ಲಿದೆ ಅಂತ ಕೇಳುತ್ತೇನೆ. ನಗಬೇಡಿ. ಕಾಲೇಜಿನ ಕಟ್ಟಡ ದೊಡ್ಡವರ ಅಳತೆಗೆ ಕಟ್ಟಿದ್ದು. ಸಿಂಕ್ ಎದೆಯ ಎತ್ತರಕ್ಕೆ ಬರುತ್ತದೆ, ಸ್ಟೂಲಿನಿಂದ ಕಾಲು ನೆಲಕ್ಕೆ ಎಟಕುವುದಿಲ್ಲ, ಬಾಗಿಲು ಭಾರ. ಒಂದು ಸಲ ಆರು ವರ್ಷದ ಹುಡುಗಿ ಒಳಗಿನಿಂದ ಬಾಗಿಲು ತಳ್ಳಲಾಗದೆ ಅಲ್ಲೇ ನಿಂತುಬಿಟ್ಟಿದ್ದಳು. ಕೂಗಲೂ ಇಲ್ಲ. ಯಾರಾದ್ರೂ ಬರ್ತಾರೆ ಅಂತ ಕಾದಳಂತೆ. ನಾಲ್ಕೈದು ನಿಮಿಷ ಇರಬಹುದು. ಅವಳು ಹೊರಗೆ ಬಂದಾಗ ಅವಳಿಗಿಂತ ಜಾಸ್ತಿ ನಾನೇ ಅತ್ತೆ. ಅವತ್ತಿನಿಂದ ಆ ಹೊರಬಾಗಿಲಿಗೆ ಮರದ ತುಂಡು ಕೊಟ್ಟು ತೆರೆದೇ ಇಡುತ್ತೇವೆ, ಇಬ್ಬರು ದೊಡ್ಡವರು ಜೊತೆಗೆ ಹೋಗುತ್ತಾರೆ.

ಆಮೇಲೆ, ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು. ದಿನದ ಶಿಬಿರಗಳಿಗೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಇಟ್ಟಿರುವ ಅಳತೆ ನನಗೆ ಸರಿ ಕಾಣುತ್ತದೆ. ಐದು ವರ್ಷದವರೆಗಿನ 6 ಮಕ್ಕಳಿಗೆ ಒಬ್ಬರು, ಆರರಿಂದ ಎಂಟು ವರ್ಷದ 8 ಮಕ್ಕಳಿಗೆ ಒಬ್ಬರು. ಮೂವತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು, ಒಬ್ಬ ಸಹಾಯಕ ಅಂದರೆ ಅಲ್ಲಿಂದ ವಾಪಸ್ ಬನ್ನಿ, ಎಷ್ಟೇ ದೊಡ್ಡ ಹೆಸರಿನ ಕಾಲೇಜಾಗಲಿ.

ಮೂರನೆಯದಾಗಿ, ಮಕ್ಕಳು ಕೈಯಿಂದ ಏನು ಮುಟ್ಟುತ್ತಾರೆ ಅಂತ ಕೇಳಿ. "ರೋಬೋಟಿಕ್ಸ್, ಬಾಹ್ಯಾಕಾಶ, ಕೋಡಿಂಗ್" ಅಂತ ಪಟ್ಟಿ ಓದಿದರೆ ಸಾಲದು. ಮಂಗಳವಾರ ಹನ್ನೊಂದು ಗಂಟೆಗೆ ನನ್ನ ಮಗುವಿನ ಕೈಯಲ್ಲಿ ಏನಿರುತ್ತೆ? ಹೇಳಲು ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ಮೈಕ್ರೋಸ್ಕೋಪ್ ಇದೆ ಅಂದರೆ ಎರಡು ಕಣ್ಣಿನಿಂದಲೂ ನೋಡುವ ಸ್ಟೀರಿಯೋ ಮೈಕ್ರೋಸ್ಕೋಪಾ ಅಂತ ಕೇಳಿ. ಪುಟ್ಟ ಮಕ್ಕಳಿಗೆ ಅದೇ ಸುಲಭ. ಇಪ್ಪತ್ತು ಪಟ್ಟು ದೊಡ್ಡದಾಗಿ ಕಂಡರೆ ಸಾಕು, ಇರುವೆಯ ಕಾಲಿನ ರೋಮ ಕಾಣುತ್ತದೆ.

ಎಲ್ಲ ಮಕ್ಕಳೂ ಬರಲೇಬೇಕು ಅಂತ ನಾನು ಹೇಳುವುದಿಲ್ಲ. ವರ್ಷವಿಡೀ ಓಡಿ ಸುಸ್ತಾಗಿರುವ ಮಗುವಿಗೆ ಮನೆಯಲ್ಲಿ ಏನೂ ಮಾಡದೆ ಬಿದ್ದುಕೊಂಡಿರುವ ರಜೆ ಬೇಕು. ನಾಚಿಕೆ ಸ್ವಭಾವ ಹೋಗಲಿ ಅಂತ ಕಳಿಸುವುದೂ ತಪ್ಪು. ಎರಡು ವಾರದಲ್ಲಿ ಸ್ವಭಾವ ಬದಲಾಗುವುದಿಲ್ಲ, ಬದಲಾಗಬೇಕಾಗಿಯೂ ಇಲ್ಲ. ಕಳಿಸುವುದಾದರೆ ಅರ್ಧ ದಿನ ಸಾಕು.

ಕಳಿಸಲು ಆಗದವರಿಗೂ ಒಂದು ಮಾತು. ಎಷ್ಟೋ ಕ್ಯಾಂಪಸ್ಸುಗಳ ಮರಗಳಿಗೆ ಹೆಸರಿನ ಫಲಕ ಇರುತ್ತದೆ. ಕೆಲವನ್ನು ನೋಡಿ ಕಲಿಯಲಿ ಅಂತಲೇ ನೆಟ್ಟಿರುತ್ತಾರೆ. ಇಟಲಿಯ ಪಾದುವಾ ವಿಶ್ವವಿದ್ಯಾಲಯ ವೈದ್ಯ ವಿದ್ಯಾರ್ಥಿಗಳು ಗಿಡಮೂಲಿಕೆ ಗುರುತಿಸಲಿ ಅಂತ 1545ರಲ್ಲಿ ತೋಟ ಮಾಡಿತು. ಅದೇ ಜಾಗದಲ್ಲಿ ಇಂದಿಗೂ ಇದೆ. 1585ರಲ್ಲಿ ನೆಟ್ಟ ಒಂದು ತಾಳೆ ಜಾತಿಯ ಗಿಡ ಅಲ್ಲಿ ಇನ್ನೂ ಬದುಕಿದೆ. ನಿಮ್ಮ ಹತ್ತಿರದ ಕಾಲೇಜಿನಲ್ಲಿ ಒಳಗೆ ಬಿಡುತ್ತಾರೆ ಅಂದರೆ ಮಗುವನ್ನು ಕರಕೊಂಡು ಹೋಗಿ, ಒಂದೇ ಮರದ ಕೆಳಗೆ ಒಂದು ಗಂಟೆ ಕೂತು ಬನ್ನಿ. ಅದಕ್ಕೆ ಯಾರೂ ಶುಲ್ಕ ಕೇಳುವುದಿಲ್ಲ.

ಇನ್ನೊಂದು. ಸಂಜೆ ಕರಕೊಂಡು ಹೋಗಲು ಬಂದಾಗ "ಇವತ್ತು ಏನು ಕಲಿತೆ?" ಅಂತ ಕೇಳಬೇಡಿ. ಆರು ವರ್ಷದವರು ಇದಕ್ಕೆ "ಏನಿಲ್ಲ" ಅಂತಲೇ ಹೇಳುವುದು. ಏನು ಮುಟ್ಟಿದೆ, ಯಾವುದು ವಾಸನೆ ಇತ್ತು, ಯಾರು ಅತ್ತರು ಅಂತ ಕೇಳಿ ನೋಡಿ. ಅಥವಾ ಏನೂ ಕೇಳದೆ ಸ್ವಲ್ಪ ಕಾಯಿರಿ. ಆ ರೆಪ್ಪೆಯ ಹುಡುಗನ ಅಪ್ಪ ಅವತ್ತು ಗೇಟಿನ ಹತ್ತಿರ ನಿಂತು ಏನು ಕಲಿತೆ ಅಂತಲೇ ಕೇಳಿದರು. ಅವನು ಉತ್ತರ ಕೊಡಲಿಲ್ಲ. "ಅಪ್ಪಾ, ಬಗ್ಗು," ಅಂದ. ಅವರು ಬಗ್ಗಿದರು. ಅವನು ಎರಡೂ ಕೈಯಿಂದ ಅವರ ಕೆನ್ನೆ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ಅವರ ರೆಪ್ಪೆಗೂದಲು ಎಣಿಸಲು ಶುರು ಮಾಡಿದ.