ಬಿದ್ದ ಕೋನ್ ಲೆಕ್ಕಕ್ಕಿಲ್ವಾ?

ಚಿತ್ರದುರ್ಗದ ಹೊರಗೆ ನಡೆದ ಆಟೋಕ್ರಾಸ್‌ಗೆ ನನ್ನ ಹಳೇ ಸ್ವಿಫ್ಟ್ ತಗೊಂಡು ಹೋಗಿದ್ದೆ. ಇಲ್ಲಿ ಒಂದೊಂದೇ ಕಾರು ಓಡುತ್ತೆ, ಪೈಪೋಟಿ ಗಡಿಯಾರದ ಜೊತೆ. ದಾರಿ ಗುರುತಿಗೆ ಇಟ್ಟ ಕೋನ್ ಬಿದ್ದರೆ ಟೈಮಿಗೆ 2 ಸೆಕೆಂಡ್ ಸೇರಿಸ್ತೀವಿ ಅಂತ ಬೆಳಗ್ಗೆಯೇ ಹೇಳಿದ್ದರು. ಅರ್ಧ ಸೆಕೆಂಡಿನಲ್ಲಿ ಕಪ್ ಕೈತಪ್ಪುವ ಆಟದಲ್ಲಿ ಅದೇನು ಕಮ್ಮಿನಾ?

ನನಗಿಂತ ಮುಂಚೆ ಹೋದ ಕಾರು ಮೂರನೇ ತಿರುವಿನಲ್ಲಿ ಕೋನ್ ಉರುಳಿಸಿತು. ಕೋನ್ ಸುತ್ತ ಎಳೆದಿದ್ದ ಸುಣ್ಣದ ಗೆರೆ ದಾಟಿ ಅಡ್ಡಡ್ಡ ಬಿದ್ದಿತ್ತು. ತಿರುವಿನಲ್ಲಿ ತಪ್ಪು ನೋಡೋಕೆ ನಿಂತಿದ್ದ ಮಾರ್ಷಲ್ ಹುಡುಗ ಮೊಬೈಲ್ ಜೇಬಿಗೆ ಹಾಕಿಕೊಂಡು ಬಂದು, ಕೋನ್ ನೆಟ್ಟಗೆ ನಿಲ್ಲಿಸಿದ. ಕೋನ್ ಬಿತ್ತು ಅಂತ ತಿಳಿಸೋ ಬಾವುಟ ಮಾತ್ರ ಎತ್ತಲಿಲ್ಲ. ಕೇಳಿದರೆ, "ಧೂಳಲ್ಲಿ ಕಾಣ್ಲಿಲ್ಲ ಅಣ್ಣ, ಹೋಗ್ಲಿ ಬಿಡಿ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಬಿಸಿಲಲ್ಲಿ ಒಬ್ಬನೇ ನಿಂತಿದ್ದ, ಕೈಯಲ್ಲಿ ವಾಕಿಟಾಕಿನೂ ಇಲ್ಲ. ಸಿಟ್ಟಿರೋದು ಆಯೋಜಕರ ಮೇಲೆ. ಸ್ಟಾಕ್ ಕ್ಲಾಸ್, ಅಂದರೆ ಮಾರ್ಪಾಡು ಮಾಡದ ಕಾರುಗಳ ವಿಭಾಗ ಅಂತ ಹೆಸರು, ಒಬ್ಬರ ಬಾನೆಟ್ಟೂ ಎತ್ತಿ ನೋಡಲಿಲ್ಲ. ಹೆಲ್ಮೆಟ್ ಪಟ್ಟಿ ಮಾತ್ರ ಎಳೆದೆಳೆದು ನೋಡಿದರು (ಅದು ಸರಿನೇ ಬಿಡಿ). ದೂರು ಕೊಡೋಕೂ ದುಡ್ಡು ಕಟ್ಟಬೇಕು, ಒಪ್ಪದಿದ್ದರೆ ವಾಪಸ್ ಇಲ್ಲ. "ಎಲ್ಲಾ ನಮ್ಮವರೇ ಅಲ್ವಾ ಸರ್" ಅಂದರು. ಹಾಗಾದ್ರೆ ನಾನು ಯಾರ ಕಡೆಯವನು?

ಮುಂದಿನದು ದಾವಣಗೆರೆಯಲ್ಲಂತೆ. ಪ್ರತಿ ತಿರುವಿಗೂ ಇಬ್ಬರು ಮಾರ್ಷಲ್ ಇರ್ತಾರಾ ಅಂತ ಕೇಳಿಯೇ ಎಂಟ್ರಿ ಫೀಸ್ ಕಟ್ಟೋದು.