ಹಡಗಿನ ನಾಲ್ಕು ಗಂಟೆಯ ಚಾ: ಅಪ್ಪ ಅಮ್ಮನಿಗೆ ಬೇರೆ ಟೇಬಲ್ ಬೇಕಾದರೆ

ಉಡುಪಿ, ಮಂಗಳೂರು ಕಡೆಯಿಂದ ವಿದೇಶದ ಕ್ರೂಸ್‌ಗೆ ಹೋಗುವವರು ಈಗ ಜಾಸ್ತಿ ಆಗಿದ್ದಾರೆ. ಮಕ್ಕಳು ಹೊರದೇಶದಲ್ಲಿ ಇರುತ್ತಾರೆ. ಅಪ್ಪ ಅಮ್ಮನನ್ನು ಕರೆಸಿಕೊಂಡು ಒಂದು ವಾರ ಹಡಗಿನಲ್ಲಿ ಸುತ್ತಾಡಿಸಿ ಊರಿಗೆ ಕಳಿಸುತ್ತಾರೆ. ನಾನು ಮಾಡಿದ್ದೂ ಅದನ್ನೇ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹತ್ತಿ, ನಾರ್ವೆಯ ಫ್ಯೋರ್ಡ್‌ಗಳನ್ನು (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ) ನೋಡಿಕೊಂಡು ಪುನಃ ಅಲ್ಲಿಗೇ ಬಂದು ಇಳಿಯುವ ಪ್ರವಾಸ. ವೀಸಾ, ಟಿಕೆಟ್, ಸ್ವೆಟರ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಬರೆಯುವುದು ಮಧ್ಯಾಹ್ನದ ಚಾ ಬಗ್ಗೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಬ್ರಿಟಿಷ್ ರೂಢಿ ಇಟ್ಟುಕೊಂಡ ಹಡಗುಗಳಲ್ಲಿ ಈ ಚಾ ಒಂದು ದೊಡ್ಡ ಏರ್ಪಾಡು. ಕ್ಯುನಾರ್ಡ್ ಕಂಪನಿಯ ಹಡಗುಗಳಲ್ಲಿ ಮೂರೂವರೆಯಿಂದ ನಾಲ್ಕೂವರೆವರೆಗೆ ಕ್ವೀನ್ಸ್ ರೂಮ್ ಎಂಬ ದೊಡ್ಡ ಹಾಲ್‌ನಲ್ಲಿ ನಡೆಯುತ್ತದೆ. ಬಿಳಿ ಕೈಗವಸು ಹಾಕಿದ ವೇಟರ್‌ಗಳು ಬಡಿಸುತ್ತಾರೆ, ಪಕ್ಕದಲ್ಲಿ ಸಂಗೀತ ಇರುತ್ತದೆ. ಪ್ರಿನ್ಸೆಸ್, ಹಾಲೆಂಡ್ ಅಮೆರಿಕಾ ಕಂಪನಿಗಳ ಹಡಗುಗಳಲ್ಲಿ ಊಟದ ಹಾಲ್‌ನಲ್ಲೇ ಚಾ ಕೊಡುತ್ತಾರೆ. ಚಳಿಗಾಲದಲ್ಲಿ ಪಣಂಬೂರಿನ ಬಂದರಿಗೆ ಬಂದು ನಿಲ್ಲುವ ಬಿಳಿ ಹಡಗುಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಓಷಿಯಾನಿಯಾ ಕಂಪನಿಯದ್ದೂ ಇರುತ್ತವೆ. ಅವರಲ್ಲಿ ನಾಲ್ಕು ಗಂಟೆಗೆ ಮೇಲಿನ ಡೆಕ್‌ನಲ್ಲಿ ಚಾ. ಇಷ್ಟೂ ಕಡೆ ಚಾ ತಿಂಡಿಗೆ ಬೇರೆ ದುಡ್ಡಿಲ್ಲ, ಟಿಕೆಟ್‌ನಲ್ಲೇ ಸೇರಿರುತ್ತದೆ. ಹಾಗಾಗಿ ಜನ ಬರುತ್ತಾರೆ, ತುಂಬಾ ಬರುತ್ತಾರೆ.

ತೊಂದರೆ ಶುರುವಾಗುವುದು ಕೂರುವಲ್ಲಿ. ಬಾಗಿಲಲ್ಲಿ ನಿಂತ ಹೆಡ್ ವೇಟರ್ ಬಂದವರನ್ನು ಸಾಲಾಗಿ ಒಳಗೆ ಕಳಿಸುತ್ತಾರೆ. ಒಂದು ದೊಡ್ಡ ಟೇಬಲ್ ಭರ್ತಿಯಾದ ಮೇಲೆ ಮುಂದಿನ ಟೇಬಲ್. ಅಂದರೆ ಗುರುತಿಲ್ಲದ ಐದಾರು ಜನರ ಜೊತೆ ನೀವು ಕೂರುತ್ತೀರಿ. ಅಲ್ಲಿಯವರಿಗೆ ಇದು ಇಷ್ಟ. ಯಾವ ಊರು, ಎಷ್ಟು ಮೊಮ್ಮಕ್ಕಳು, ಹಿಂದೆ ಯಾವ ಹಡಗಿನಲ್ಲಿ ಹೋಗಿದ್ದಿರಿ ಅಂತ ಖುಷಿಯಿಂದ ಮಾತಾಡುತ್ತಾರೆ. ಒಳ್ಳೆಯ ಜನವೇ. ನನಗೂ ಆ ಮಾತುಕತೆ ಹಿಡಿಸಿತು. ಆದರೆ ಅಪ್ಪ ಶ್ರವಣಯಂತ್ರ ಹಾಕುತ್ತಾರೆ. ಪಿಯಾನೊ, ನೂರಾರು ಕಪ್ಪು ಬಸಿಗಳ ಸದ್ದು, ಎಂಟು ಜನರ ಇಂಗ್ಲಿಷ್ ಒಟ್ಟಿಗೆ ಸೇರಿದರೆ ಅವರಿಗೆ ಕೇಳುವುದು ಬರೀ ಗದ್ದಲ. ಅಮ್ಮ ಮೊಟ್ಟೆ ಮುಟ್ಟುವವರಲ್ಲ. ತಟ್ಟೆ ಕೈಯಿಂದ ಕೈಗೆ ದಾಟಿ ಬರುವಾಗ, ಇದರಲ್ಲಿ ಎಂತ ಉಂಟು, ಅದರಲ್ಲಿ ಎಂತ ಉಂಟು ಅಂತ ಪರಕೀಯರ ಎದುರು ಕೇಳಲು ಅವರಿಗೆ ಸಂಕೋಚ. ಮಡಿಲಲ್ಲಿದ್ದ ನ್ಯಾಪ್‌ಕಿನ್ ಅನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತರು. "ನನಗೆ ಹಸಿವಿಲ್ಲ ಮಗಾ" ಅಂದರು. ಬೆಳಿಗ್ಗೆಯಿಂದ ಸರಿಯಾಗಿ ಏನೂ ತಿಂದಿರಲಿಲ್ಲ.

ಬೇರೆ ಟೇಬಲ್ ಬೇಕು ಅಂತ ನಿರ್ಧಾರ ಮಾಡಿದ್ದು ಆಗಲೇ.

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಿ. ಟೇಬಲ್ ತುಂಬಿಸುವುದು ಸೊಕ್ಕಿನಿಂದಲ್ಲ. ಸಮಯ ಇರುವುದು ಹೆಚ್ಚುಕಡಿಮೆ ಒಂದೇ ಗಂಟೆ. ವೇಟರ್‌ಗಳು ಸಾಲಾಗಿ ಬರುತ್ತಾರೆ. ಒಬ್ಬರ ಕೈಯಲ್ಲಿ ಚಾ, ಇನ್ನೊಬ್ಬರ ಕೈಯಲ್ಲಿ ಸ್ಯಾಂಡ್‌ವಿಚ್, ಹಿಂದಿನಿಂದ ಸ್ಕೋನ್ ಎಂಬ ಬನ್ ತರದ ತಿಂಡಿ, ಕೊನೆಗೆ ಕೇಕ್. ಜನ ಅಲ್ಲೊಬ್ಬ ಇಲ್ಲೊಬ್ಬ ಕೂತರೆ ಈ ಸಾಲು ಕೆಡುತ್ತದೆ. ಹಾಗಾಗಿ ಬಾಗಿಲಲ್ಲಿ, ಹಿಂದೆ ಅರುವತ್ತು ಜನ ಕಾಯುತ್ತಿರುವಾಗ, "ನಮಗೆ ಬೇರೆ ಟೇಬಲ್ ಕೊಡಿ" ಅಂದರೆ ಯಾರೂ ಕೊಡುವುದಿಲ್ಲ. ಕೊಡಲು ಅವರಿಗೆ ಆಗುವುದೂ ಇಲ್ಲ. ನಮಗೂ ನಗುತ್ತಲೇ ಇಲ್ಲ ಅಂದರು.

ಕೇಳಬೇಕಾದ್ದು ಬೆಳಿಗ್ಗೆ, ತಿಂಡಿಯ ಗದ್ದಲ ಮುಗಿದ ಮೇಲೆ. ಹತ್ತು ಹತ್ತೂವರೆಗೆ ಊಟದ ಹಾಲ್‌ನ ಎದುರು ಮ್ಯಾನೇಜರ್ ಸಿಗುತ್ತಾರೆ. ಹಡಗಿನವರು ಅವರನ್ನು ಮೇಟ್ರ ಡೀ ಅಂತ ಕರೆಯುತ್ತಾರೆ. ರಿಸೆಪ್ಶನ್‌ನಲ್ಲಿ ಕೇಳಿದರೂ ಅವರ ಹತ್ತಿರವೇ ಕಳಿಸುತ್ತಾರೆ, ಅಲ್ಲಿ ಕ್ಯೂ ನಿಲ್ಲುವುದು ಸುಮ್ನೆ ದಂಡ. ಕೇಳುವಾಗ ಕಾರಣವನ್ನು ಬಿಡಿಸಿ ಹೇಳಿ. "ಪ್ರೈವೇಟ್ ಟೇಬಲ್" ಅಂದರೆ ಅವರ ತಲೆಗೆ ಬರುವುದು ಬಾಗಿಲು ಹಾಕಿದ ರೂಮು, ಪಾರ್ಟಿ, ಬಿಲ್ಲು. ನಾನು ಹೇಳಿದ್ದು ಇಷ್ಟೇ: ಅಪ್ಪನಿಗೆ ಕಿವಿ ಮಂದ, ಸಂಗೀತದಿಂದ ದೂರ ಗೋಡೆ ಬದಿಯಲ್ಲಿ ಒಂದು ಚಿಕ್ಕ ಟೇಬಲ್ ಸಾಕು, ಅಮ್ಮನಿಗೆ ಮೊಟ್ಟೆ ಇಲ್ಲದ ತಟ್ಟೆ ಬೇಕು. ಅವರು ಸಣ್ಣ ಪುಸ್ತಕ ತೆಗೆದು ಕ್ಯಾಬಿನ್ ನಂಬರ್ ಬರೆದುಕೊಂಡರು. ಮಧ್ಯಾಹ್ನ ಹೋದರೆ ಕಿಟಕಿ ಹತ್ತಿರ ಮೂರು ಕುರ್ಚಿಯ ಟೇಬಲ್, ಅದರ ಮೇಲೆ ಕಾದಿರಿಸಿದ ಚೀಟಿ.

ಸಾಧ್ಯವಾದರೆ ಹಡಗು ಹತ್ತಿದ ದಿನವೇ ಮಾತಾಡಿ. ಆ ದಿನ ಮಧ್ಯಾಹ್ನ ಊಟದ ಮ್ಯಾನೇಜರ್‌ಗಳು ಇಂಥ ಬೇಡಿಕೆಗಳಿಗೆಂದೇ ಕೂತಿರುತ್ತಾರೆ. ಎಲ್ಲಿ ಸಿಗುತ್ತಾರೆ ಅಂತ ಕ್ಯಾಬಿನ್‌ನಲ್ಲಿ ಇಟ್ಟಿರುವ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಅಥವಾ ಹಡಗಿನ ಆ್ಯಪ್‌ನಲ್ಲಿ ಇರುತ್ತದೆ.

ಕೇಳಿಯೂ ಸಿಗದಿದ್ದರೆ ದಿನ ಬದಲಾಯಿಸಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಉಪಯೋಗದ ಮಾತು. ಹಡಗು ಎಲ್ಲೂ ನಿಲ್ಲದೆ ಹೋಗುವ ದಿನ ಎಲ್ಲರೂ ಹಡಗಿನಲ್ಲೇ ಇರುತ್ತಾರೆ, ಚಾಕ್ಕೆ ಮುಗಿಬೀಳುತ್ತಾರೆ. ಬಂದರಿನಲ್ಲಿ ನಿಂತ ದಿನ ಅರ್ಧ ಜನ ಊರು ನೋಡಲು ಇಳಿದಿರುತ್ತಾರೆ. ನಾರ್ವೆಯ ಸ್ಟಾವಂಗರ್‌ನಲ್ಲಿ ನಾವು ಬೆಳಿಗ್ಗೆ ಇಳಿದು, ಹಳೆಯ ಬಿಳಿ ಮರದ ಮನೆಗಳ ಬೀದಿ ನೋಡಿ, ಊಟಕ್ಕೆ ವಾಪಸ್ ಬಂದೆವು. ಅಪ್ಪನ ಕಾಲಿಗೂ ಅಷ್ಟೇ ಸಾಕಿತ್ತು. ಆ ಮಧ್ಯಾಹ್ನ ಚಾ ಹಾಲ್‌ನಲ್ಲಿ ಎಲ್ಲಿ ಬೇಕಾದರೂ ಕೂರಿ ಅಂದರು. ವಯಸ್ಸಾದವರ ಜೊತೆ ಹೋಗುವವರಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ: ಬೆಳಿಗ್ಗೆ ಊರು, ಮಧ್ಯಾಹ್ನ ನಿದ್ದೆ, ನಾಲ್ಕಕ್ಕೆ ಖಾಲಿ ಹಾಲ್.

ನಿಲ್ಲದ ದಿನ ಹೋಗಲೇಬೇಕಾದರೆ, ಬಾಗಿಲು ತೆರೆಯುವ ಹದಿನೈದು ನಿಮಿಷ ಮೊದಲೇ ಹೋಗಿ, ಅಥವಾ ಮೊದಲ ಅರ್ಧ ಗಂಟೆ ಬಿಟ್ಟು ಹೋಗಿ. ಮಧ್ಯದಲ್ಲಿ ಹೋಗಬೇಡಿ. ಕುರ್ಚಿ ಮೇಲೆ ಬ್ಯಾಗ್ ಇಟ್ಟು ಜಾಗ ಹಿಡಿಯುವುದು ಅಲ್ಲಿ ನಡೆಯುವುದಿಲ್ಲ, ಯಾರಿಗೂ ಚಂದ ಕಾಣುವುದೂ ಇಲ್ಲ. ಟೇಬಲ್‌ಗಾಗಿ ನೋಟು ತೋರಿಸುವುದೂ ಬೇಡ.

ಹಣ ಕೊಟ್ಟೇ ಈ ಸೌಕರ್ಯ ಪಡೆಯುವ ದಾರಿಯೂ ಉಂಟು. ಕ್ಯುನಾರ್ಡ್‌ನಲ್ಲಿ ಗ್ರಿಲ್ಸ್ ಎಂಬ ದುಬಾರಿ ದರ್ಜೆಯ ದೊಡ್ಡ ಕ್ಯಾಬಿನ್ ತೆಗೆದುಕೊಂಡವರಿಗೆ ಬೇರೆಯೇ ಲೌಂಜ್ ಇರುತ್ತದೆ, ಚಾ ಅಲ್ಲಿಗೇ ಬರುತ್ತದೆ. ಆದರೆ ಬರೀ ಚಾದ ಟೇಬಲ್‌ಗೋಸ್ಕರ ಅಷ್ಟು ದುಡ್ಡು ಹಾಕಿ ಅಂತ ನಾನು ಹೇಳುವುದಿಲ್ಲ. ಅದೇ ದುಡ್ಡಿನ ಸಣ್ಣ ಪಾಲಿನಲ್ಲಿ ಬಾಲ್ಕನಿ ಇರುವ ಕ್ಯಾಬಿನ್ ತೆಗೆದುಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ತಿಂಡಿ. ನಮ್ಮ ಕಡೆಯ ಸಸ್ಯಾಹಾರಿಗಳು ಗಮನವಿಟ್ಟು ಓದಿ. ಸ್ಯಾಂಡ್‌ವಿಚ್ ಅಂದರೆ ಅಂಚು ಕತ್ತರಿಸಿದ, ಬೆರಳುದ್ದದ ಬ್ರೆಡ್ ತುಂಡುಗಳು. ಮುಳ್ಳುಸೌತೆಯದ್ದು ತಿನ್ನಬಹುದು. ಆದರೆ ಅದೇ ತಟ್ಟೆಯಲ್ಲಿ ಪಕ್ಕದಲ್ಲೇ ಮೊಟ್ಟೆಯದ್ದು, ಸಾಲ್ಮನ್ ಮೀನಿನದ್ದು ಇರುತ್ತದೆ. ಮೇಯನೇಸ್ ಇದ್ದರೆ ಅದರಲ್ಲೂ ಸಾಮಾನ್ಯವಾಗಿ ಮೊಟ್ಟೆ. ಸ್ಕೋನ್ ಮೇಲೆ ಹೊಳಪು ಬರಲು ಮೊಟ್ಟೆ ಸವರಿರುತ್ತಾರೆ. ಕೇಕ್‌ಗಳ ಬಗ್ಗೆ ಹೇಳಬೇಕಾಗಿಲ್ಲ. ಮೂಸ್, ಪನ್ನಾಕೋಟಾ ತರದ ಅಲುಗಾಡುವ ಸಿಹಿಗಳಲ್ಲಿ ಜೆಲಟಿನ್ ಇರುತ್ತದೆ. ಅದನ್ನು ಮಾಡುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ವೆಜಿಟೇರಿಯನ್ ಅಂತ ಒಂದೇ ಮಾತು ಹೇಳಿದರೆ ಅವರು ಮೊಟ್ಟೆ ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ಸರಿಯೇ. ಹಾಗಾಗಿ ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ, ಹಾಲು ಬೆಣ್ಣೆ ಆಗುತ್ತದೆ ಅಂತ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಅಮ್ಮನ ಪರ್ಸಿನಲ್ಲೇ ಇಡಿ. ಬುಕಿಂಗ್ ಮಾಡುವಾಗಲೂ ಇದನ್ನೇ ಬರೆಸಿ. ಹಿಂದಿನ ದಿನ ಹೇಳಿದರೆ ಅಡುಗೆಯವರು ಬೇರೆ ಮಾಡಿ ಕೊಡುತ್ತಾರೆ.

ಅಮ್ಮನಿಗೆ ಮೊಟ್ಟೆ ಇಲ್ಲದ ಸ್ಕೋನ್ ಬಂತು, ಇನ್ನೂ ಬಿಸಿ ಇತ್ತು. ಚಾಕುವಿನಲ್ಲಿ ಕತ್ತರಿಸದೆ ಕೈಯಲ್ಲೇ ಎರಡು ಹೋಳು ಮಾಡಿದರು. ಮೇಲೆ ಕ್ಲಾಟೆಡ್ ಕ್ರೀಮ್ ಹಾಕಿ, ಸ್ಟ್ರಾಬೆರಿ ಜಾಮ್ ಹಾಕಿ ಬಾಯಿಗಿಟ್ಟು, "ಇದು ನಮ್ಮ ಹಾಲಿನ ಕೆನೆಯೇ ಅಲ್ವಾ" ಅಂದರು. ಹೌದು, ಹಾಲನ್ನು ನಿಧಾನಕ್ಕೆ ಕಾಯಿಸಿ ತೆಗೆದ ದಪ್ಪ ಕೆನೆ. ಇಂಗ್ಲೆಂಡಿನ ಡೆವನ್‌ನವರು ಮೊದಲು ಕೆನೆ ಹಾಕುತ್ತಾರೆ, ಕಾರ್ನ್‌ವಾಲ್‌ನವರು ಮೊದಲು ಜಾಮ್. ಅಪ್ಪ ಎರಡೂ ತರ ತಿಂದು ನೋಡಿದರು. ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ಇಬ್ಬರೂ ತುಳುವಿನಲ್ಲಿ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಬೇರೆ ಟೇಬಲ್ ಬೇಕಾಗಿದ್ದೇ ಅದಕ್ಕೆ.

ಚಾ ಮಾತ್ರ ನಮ್ಮ ಚಾ ಅಲ್ಲ. ಸೊಪ್ಪು ನೆನೆಸಿದ ಕೆಟಲ್ ಒಂದು ಕಡೆ, ತಣ್ಣಗಿನ ಹಾಲು ಇನ್ನೊಂದು ಕಡೆ. ಅರ್ಲ್ ಗ್ರೇಯಲ್ಲಿ ಬರ್ಗಮಾಟ್ ಹಣ್ಣಿನ ವಾಸನೆ ಇರುತ್ತದೆ, ಹಾಲು ಹಾಕಿದರೆ ನಮ್ಮ ನಾಲಿಗೆಗೆ ಹಿಡಿಸುವುದು ಕಷ್ಟ. ಅಸ್ಸಾಂ ಅಥವಾ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಕೇಳಿ, ಐದು ನಿಮಿಷ ಬಿಡಿ, ಹಾಲು ಬಿಸಿ ಮಾಡಿ ಕೊಡಿ ಅಂತ ಕೇಳಿ. ಬಿಸಿ ಹಾಲು ತಂದುಕೊಡಲು ಅವರಿಗೆ ಏನೂ ಕಷ್ಟ ಇಲ್ಲ.

ಇನ್ನು ಬಾಲ್ಕನಿ. ಗೈರಂಗರ್ ಫ್ಯೋರ್ಡ್‌ಗೆ ಹೋಗುವ ಪ್ರವಾಸ ಆದರೆ ಆ ದಿನ ಹಾಲ್ ಬಿಟ್ಟುಬಿಡಿ. ಚಾವನ್ನು ಕ್ಯಾಬಿನ್‌ಗೆ ತರಿಸಿ. ಎತ್ತರದ ಬೆಟ್ಟಗಳ ನಡುವೆ ಕಿರಿದಾಗಿ ಒಳಗೆ ಬಂದ ಸಮುದ್ರ ಅದು, 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಹಡಗು ವಾಪಸ್ ಹೊರಟಾಗ ಸೆವೆನ್ ಸಿಸ್ಟರ್ಸ್ ಜಲಪಾತದ ಎದುರೇ ಹಾದುಹೋಗುತ್ತದೆ. ಒಂದೇ ಗೋಡೆಯಿಂದ ಏಳು ಧಾರೆ ಇಳಿಯುತ್ತವೆ. ಬೇಸಿಗೆಯ ಶುರುವಿನಲ್ಲಿ ಹಿಮ ಕರಗುವಾಗ ನೀರು ಜಾಸ್ತಿ. ಬಲ ಬದಿಯ ಕ್ಯಾಬಿನ್ನೋ ಎಡ ಬದಿಯದ್ದೋ ಅಂತ ತಲೆಬಿಸಿ ಬೇಡ, ಹೋಗುವಾಗ ಒಂದು ಬದಿಗೆ ಕಂಡದ್ದು ಬರುವಾಗ ಇನ್ನೊಂದು ಬದಿಗೆ ಬರುತ್ತದೆ.

ಕ್ಯಾಬಿನ್‌ಗೆ ಚಾ ಬೇಕಾದರೆ ಒಂದು ಗಂಟೆ ಮೊದಲೇ ಫೋನ್ ಮಾಡಿ. ನಾಲ್ಕು ಗಂಟೆಗೆ ಎಲ್ಲ ಕೈಗಳೂ ಹಾಲ್‌ನಲ್ಲಿ ಇರುತ್ತವೆ. ರೂಮ್ ಸರ್ವಿಸ್‌ಗೆ ಕೆಲವು ಕಂಪನಿಗಳು ಶುಲ್ಕ ಹಾಕುತ್ತವೆ, ಮೊದಲೇ ಕೇಳಿಕೊಳ್ಳಿ. ಬಾಲ್ಕನಿಯ ಮೇಜು ತುಂಬಾ ಚಿಕ್ಕದು, ಕುರ್ಚಿ ಎರಡೇ ಇರುತ್ತವೆ. ಬೆಳಿಗ್ಗೆ ಕ್ಯಾಬಿನ್ ಸ್ವಚ್ಛ ಮಾಡಲು ಬರುವವರಿಗೆ ಹೇಳಿದರೆ ಇನ್ನೊಂದು ಕುರ್ಚಿ, ಕಂಬಳಿ ತಂದಿಡುತ್ತಾರೆ. ಹಡಗು ಚಲಿಸುವಾಗ ಗಾಳಿ ಜೋರು, ನ್ಯಾಪ್‌ಕಿನ್ ಹಾರಿ ಸಮುದ್ರಕ್ಕೆ ಹೋಗುತ್ತದೆ. ತಟ್ಟೆಗಳನ್ನು ಒಳಗಿನ ಮೇಜಿನಲ್ಲೇ ಬಿಟ್ಟು ಕಪ್ ಮಾತ್ರ ಹೊರಗೆ ತನ್ನಿ. ಶ್ರವಣಯಂತ್ರ ಹಾಕುವವರಿಗೆ ಗಾಳಿಯ ಸದ್ದು ಕಿರಿಕಿರಿ. ಅಪ್ಪ ಅದನ್ನು ತೆಗೆದು ಜೇಬಿಗೆ ಹಾಕಿ, ನೀರು ನೋಡುತ್ತಾ ಕಪ್ ಮೇಲೆ ಕಪ್ ಚಾ ಕುಡಿದರು. ಅಷ್ಟು ಖುಷಿಯಲ್ಲಿ ಅವರನ್ನು ನೋಡಿ ಬಹಳ ಕಾಲ ಆಗಿತ್ತು.

ಬಟ್ಟೆಯ ಚಿಂತೆ ಬೇಡ. ಹಾಲ್‌ಗೆ ಚಡ್ಡಿ, ಬೀಚ್ ಚಪ್ಪಲಿ ಆಗುವುದಿಲ್ಲ ಅಷ್ಟೇ. ಸೀರೆಗೆ ಎಲ್ಲ ಕಡೆ ಮರ್ಯಾದೆ ಉಂಟು. ಎಸಿ ಜೋರಿರುತ್ತದೆ, ಶಾಲು ಇರಲಿ.

ಕಾಗದಪತ್ರದ ಬಗ್ಗೆ ಒಂದೇ ಮಾತು. ಭಾರತದ ಪಾಸ್‌ಪೋರ್ಟ್‌ಗೆ ಈ ಪ್ರವಾಸದಲ್ಲಿ ಬ್ರಿಟನ್ ವೀಸಾ, ನಾರ್ವೆಗಾಗಿ ಷೆಂಗನ್ ವೀಸಾ ಎರಡೂ ಬೇಕು. ಹಡಗಲ್ವಾ, ಇಳಿಯದೆ ಇದ್ದರಾಯಿತು ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ, ವೀಸಾ ಇಲ್ಲದಿದ್ದರೆ ಸೌತಾಂಪ್ಟನ್‌ನಲ್ಲೇ ಹತ್ತಿಸುವುದಿಲ್ಲ. ವೀಸಾ ಓಡಾಟವೇ ಬೇಡ ಅನ್ನುವವರಿಗೆ ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೆಲಿಯಾ ಹಡಗು ಇದೆ. ಅಲ್ಲಿ ಜೈನ ಊಟವೂ ಸಿಗುತ್ತದೆ, ಹಾಗಾಗಿ ಮೊಟ್ಟೆಯ ತಲೆಬಿಸಿ ಕಡಿಮೆ.

ಕೊನೆಗೆ ಹಡಗಿನ ಹುಡುಗರು. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ದೇಶದ ಹೆಸರೂ ಇರುತ್ತದೆ. ಇಂಡಿಯಾ ಅಂತ ಇದ್ದರೆ ಮಾತಾಡಿಸಿ. ಗೋವಾದವರು, ಮುಂಬಯಿಯವರು, ನಮ್ಮ ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ಹೋದವರು ಸಿಗುತ್ತಾರೆ. ಬಜಪೆ ಕಡೆಯ ಒಬ್ಬ ಹುಡುಗ ಅಮ್ಮ ತುಳು ಮಾತಾಡುವುದು ಕೇಳಿ ಟೇಬಲ್ ಹತ್ತಿರ ಬಂದ. ಮರುದಿನದಿಂದ ಅಮ್ಮನ ತಟ್ಟೆ ಎಲ್ಲಿಂದ ಬರುತ್ತದೆ, ಯಾವುದನ್ನು ತಿನ್ನಬಹುದು ಎಲ್ಲ ಅವನೇ ನೋಡಿಕೊಂಡ. ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವ ಮಕ್ಕಳು ಇವರು. ಟಿಪ್ಸ್ ಹೇಗೂ ದಿನದ ಲೆಕ್ಕದಲ್ಲಿ ಬಿಲ್ಲಿಗೆ ಸೇರಿರುತ್ತದೆ, ಕೈಗೆ ಸ್ವಲ್ಪ ಕೊಟ್ಟರೆ ಒಳ್ಳೆಯದೇ. ಅದಕ್ಕಿಂತ ಮುಖ್ಯ, ಅವರ ಹೆಸರನ್ನು ಬಿಲ್ಲೆ ನೋಡಿ ಸರಿಯಾಗಿ ಬರೆದಿಟ್ಟುಕೊಳ್ಳಿ. ಪ್ರವಾಸ ಮುಗಿದ ಮೇಲೆ ಕಂಪನಿಯಿಂದ ಅನುಭವ ಕೇಳಿ ಇಮೇಲ್ ಬರುತ್ತದೆ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ನೀವು ತೆರೆದು, ಹೆಸರು ಹಾಕಿ, ಏನು ಮಾಡಿದರು ಅಂತ ಎರಡು ಸಾಲು ಬರೆಯಿರಿ. ಮೇಲಿನವರು ಅದನ್ನು ಓದುತ್ತಾರೆ.